ಅರ್ಧಮೀನಿನ ಮೇಷ್ಟ್ರು

ಹೊರಗೆ ಮಳೆ ಬರುತ್ತಿದೆಯೇ ಎಂದು ಯಾರಾದರೂ ಕೇಳಿದರೆ ಮೇಷ್ಟ್ರು ಕುರ್ಚಿಯಿಂದ ಎದ್ದು, ಕಿಟಕಿಯ ಬಳಿಗೆ ಹೋಗಿ, ಕದ ತೆರೆದು, ಅಂಗೈಯನ್ನು ಹೊರಗೆ ಚಾಚಿ, ಒದ್ದೆಯಾದ ಕೈಯನ್ನು ಒಮ್ಮೆ ನೋಡಿಕೊಂಡು, "ಈ ಕಿಟಕಿಯ ಹೊರಗಂತೂ ಬರ್ತಾ ಇದೆ" ಎನ್ನುತ್ತಿದ್ದರು. ಬೀದಿಯ ಆಚೆ ಬದಿಯ ಮಳೆಗೆ ಅವರು ಜವಾಬ್ದಾರರಲ್ಲ. ಮನೆಯಲ್ಲಿ ಎಲ್ಲರೂ ಸೌಖ್ಯವೇ ಎಂದು ಉಪಚಾರಕ್ಕೆ ವಿಚಾರಿಸಿದವರಿಗೆ "ನಾನು ಬೆಳಿಗ್ಗೆ ಹೊರಡೋವಾಗ ಚೆನ್ನಾಗಿದ್ರು" ಎಂಬ ಉತ್ತರ ಸಿಗುತ್ತಿತ್ತು; ಆಮೇಲೆ ಏನಾಯಿತಪ್ಪಾ ಎಂದು ಕೇಳಿದವರು ಗಾಬರಿಯಿಂದ ಬಾಯಿ ತೆರೆಯುವಷ್ಟರಲ್ಲಿ ಇವರು ಮುಂದೆ ಹೋಗಿಬಿಟ್ಟಿರುತ್ತಿದ್ದರು. "ಕಂಡಷ್ಟು ಹೇಳ್ತೀನಿ" ಎಂಬುದು ಅವರ ಮಾತಿನ ಪಲ್ಲವಿ. ಕಾಣದ್ದರ ಬಗ್ಗೆ ಒಂದಕ್ಷರವನ್ನೂ ಆಡದ ಆ ಬಾಯಿ ಬದುಕಿನಲ್ಲಿ ಒಂದೇ ಒಂದು ಸಲ ಗೆರೆ ದಾಟಿತು. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅವರು ನಮ್ಮ ಮ್ಯೂಸಿಯಂನ ಪಳೆಯುಳಿಕೆ ವಿಭಾಗದ ಮುಖ್ಯಸ್ಥರು; ಅದಕ್ಕೂ ಮುಂಚೆ ಕಾಲೇಜಿನಲ್ಲಿ ಪಾಠ ಹೇಳಿದ್ದರಿಂದ ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಮೇಷ್ಟ್ರು. ನಾನು ಪ್ರಕಟಣ ವಿಭಾಗದವನು. ಗಾಜಿನ ಪೆಟ್ಟಿಗೆಗಳ ಕೆಳಗಿನ ವಿವರಣೆಯ ಫಲಕಗಳನ್ನು ಬರೆಯುವುದು ನನ್ನ ಕೆಲಸ, ಬರೆದದ್ದರಿಂದ ವಿಶೇಷಣಗಳನ್ನು ಕಿತ್ತು ಹಾಕುವುದು ಅವರ ಕೆಲಸ; ನಮ್ಮ ಸ್ನೇಹ ಬೆಳೆದದ್ದೇ ಹೀಗೆ. ಮಾಸಲು ಕಂದು ಬಣ್ಣದ ಕೋಟೊಂದನ್ನು ಅವರು ಸೆಖೆಗಾಲದಲ್ಲೂ ಬಿಟ್ಟವರಲ್ಲ. ಬಲಜೇಬಿನಲ್ಲಿ ಭೂತಗನ್ನಡಿ, ಎಡಜೇಬಿನಲ್ಲಿ ಕಲ್ಲಿನ ಧೂಳು ಗುಡಿಸುವ ಪುಟ್ಟ ಕುಂಚ. ಗುಂಡಿಗಳೆಲ್ಲ ಕಪ್ಪು, ನಡುವಿನದೊಂದು ಮಾತ್ರ ನೀಲಿ. ಅದನ್ನು ಹೊಲಿದವರು ಅವರ ಹೆಂಡತಿ. "ಕಪ್ಪು ಗುಂಡಿ ಸಿಗಲಿಲ್ವಾ ಸಾರ್?" ಎಂದು ನಾನೊಮ್ಮೆ ಕೇಳಿದ್ದಕ್ಕೆ "ಅವಳು ಹುಡುಕಿದ್ಲೋ ಇಲ್ವೋ, ನಾನು ನೋಡಿಲ್ಲ" ಎಂದಿದ್ದರು. ನಡೆಯುವಾಗ ಮೊದಲು ಪಾದವನ್ನಿಟ್ಟು, ಅಲ್ಲಿ ನೆಲವಿದೆಯೆಂದು ಖಾತ್ರಿಪಡಿಸಿಕೊಂಡು, ಆಮೇಲೆ ಮೈಭಾರವನ್ನು ಬಿಡುತ್ತಿದ್ದರು. ಕಲ್ಲುಗಣಿಗಳ ಇಳಿಜಾರಿನಲ್ಲಿ ಕಲಿತ ಆ ನಡಿಗೆ ಮ್ಯೂಸಿಯಂನ ನುಣುಪು ನೆಲದ ಮೇಲೂ ಬದಲಾಗಲಿಲ್ಲ.

ಅವರ ಮೀನು ಸಿಕ್ಕಿದ್ದು ಸುಣ್ಣಕಲ್ಲಿನ ಗಣಿಯೊಂದರಲ್ಲಿ. ಎಲುಬಿರುವ ಯಾವ ಪ್ರಾಣಿಯೂ ಇನ್ನೂ ನೆಲದ ಮೇಲೆ ನಡೆದಾಡದಿದ್ದ ಕಾಲದಲ್ಲಿ, ಆ ಗಣಿ ಸಮುದ್ರದ ತಳವಾಗಿದ್ದಾಗ, ಈಜಾಡಿ ಸತ್ತ ಕವಚದ ಮೀನು ಅದು. ತಲೆಗೂ ಹೆಗಲಿಗೂ ಮೂಳೆಯ ದಪ್ಪ ತಗಡುಗಳ ಹೊದಿಕೆ, ಎರಡರ ನಡುವೆ ಬಾಗಿಲಿನ ತಿರುಗಣಿಯಂಥ ಕೀಲು. ಕಣ್ಣಿನ ಸುತ್ತ ಮೂಳೆಯದೇ ಬಳೆ. ಬಾಯಲ್ಲಿ ಹಲ್ಲಿಲ್ಲ, ದವಡೆಯ ಮೂಳೆಯೇ ಒಂದಕ್ಕೊಂದು ಉಜ್ಜಿ ಕತ್ತರಿಯ ಅಲಗಿನ ಹಾಗೆ ಹರಿತಗೊಂಡಿತ್ತು. ಆ ಕುಲದಲ್ಲಿ ಒಂದೂ ಉಳಿಯಲಿಲ್ಲ, ಅದರ ಹೆಸರು ಹೇಳಲು ಇಂದಿನ ಸಮುದ್ರದಲ್ಲಿ ಒಂದು ಮರಿಯೂ ಇಲ್ಲ. ಮೇಷ್ಟ್ರು ಆ ಕಲ್ಲಿನ ಮುಂದೆ ಕುಳಿತು ಸೂಜಿಯಂಥ ಉಳಿಯಿಂದ ಒಂದೊಂದೇ ತಗಡನ್ನು ಬಿಡಿಸಿ ತೆಗೆದರು. ಯೌವನದಲ್ಲಿ ಹಿಡಿದ ಕೆಲಸ ಮುಗಿಯುವಾಗ ತಲೆ ನರೆತಿತ್ತು. ಆದರೆ ಹೆಗಲಿನಿಂದ ಹಿಂದೆ ಏನೂ ಸಿಗಲಿಲ್ಲ. ಅಲ್ಲಿ ಗಟ್ಟಿ ಮೂಳೆಯಿರಲಿಲ್ಲ, ಇದ್ದದ್ದು ನಮ್ಮ ಕಿವಿಯಲ್ಲಿರುವಂಥ ಮೆದು ಎಲುಬು. ಅದು ಕೊಳೆತು ಹೋಗಿತ್ತು, ಕಲ್ಲಿನಲ್ಲಿ ಅದರ ಗುರುತೂ ಉಳಿದಿರಲಿಲ್ಲ.

ಬೇರೆ ಮ್ಯೂಸಿಯಂಗಳವರು ಇಂಥ ಮೀನುಗಳಿಗೆ ತಮಗೆ ತೋಚಿದ ಬಾಲ ಹಚ್ಚಿ ಗತ್ತಿನಿಂದ ನಿಲ್ಲಿಸುತ್ತಾರೆ. ಮೇಷ್ಟ್ರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಪ್ರದರ್ಶನದ ಮಾದರಿ ಹೆಗಲಿಗೆ ಮುಗಿಯಿತು. ಅಲ್ಲಿಗೆ ಒಂದು ಚಪ್ಪಟೆ ಮರದ ಹಲಗೆ, ಹಲಗೆಯಾಚೆ ಬರಿಗಾಳಿ. ನೋಡಲು ಬಂದವರು ಸುತ್ತ ತಿರುಗಿ ಹಿಂದೆ ಹಣಕಿ, "ಉಳಿದದ್ದನ್ನ ಯಾರು ತಿಂದ್ರಪ್ಪಾ?" ಎಂದು ನಗುತ್ತಿದ್ದರು. ಅರ್ಧಮೀನಿನ ಮೇಷ್ಟ್ರು ಎಂಬ ಹೆಸರು ಬಿದ್ದದ್ದು ಆಗಲೇ. ಮಾದರಿಯ ಕೆಳಗಿನ ಫಲಕದಲ್ಲಿ ನಾನು ಹುರುಪಿನಿಂದ "ಪ್ರಾಚೀನ ಸಾಗರದ ಅರಸ" ಎಂದು ಬರೆದಿದ್ದೆ. ಅವರು ಅದನ್ನು ಹೊಡೆದು ಹಾಕಿ, "ಪಟ್ಟಾಭಿಷೇಕಕ್ಕೆ ನೀನು ಹೋಗಿದ್ಯೇನಯ್ಯಾ?" ಎಂದರು. ಅದೆಷ್ಟು ಕ್ರೂರ ಪ್ರಾಣಿ ಎಂದು ಕೇಳಿದ ಪತ್ರಕರ್ತನೊಬ್ಬನಿಗೆ "ದವಡೆ ಹರಿತವಾಗಿದೆ. ಸ್ವಭಾವ ಕಲ್ಲಲ್ಲಿ ಉಳಿಯಲ್ಲ" ಎಂದಷ್ಟೇ ಹೇಳಿ ಬೀಳ್ಕೊಟ್ಟಿದ್ದರು. ನಾವೆಲ್ಲ ಅವರ ಬೆನ್ನ ಹಿಂದೆ ನಗುತ್ತಿದ್ದೆವು, ಮುಂದೆ ನಿಂತಾಗ ಮಾತ್ರ ನಮ್ಮ ವಾಕ್ಯಗಳು ತಾವಾಗಿಯೇ ಚಿಕ್ಕವಾಗುತ್ತಿದ್ದವು.

ಇಂಥವರೊಂದಿಗೆ ಸಂಸಾರ ಮಾಡುವುದು ಹೇಗೆಂದು ಅವರ ಹೆಂಡತಿಯನ್ನೇ ಕೇಳಬೇಕಿತ್ತು. ನಗುಮುಖದ, ಚುರುಕು ಕೈಯ ಹೆಂಗಸು. ಒಂದು ದಿನ ನನಗೆ ಕಾಫಿ ಕೊಡುತ್ತ ಆಕೆಯೇ ಹೇಳಿದ್ದರು: "ಮದುವೆಯಾದ ಹೊಸದರಲ್ಲಿ, ನನ್ನನ್ನ ಯಾವಾಗ್ಲೂ ಹೀಗೇ ನೋಡ್ಕೊಳ್ತೀರಾ ಅಂತ ಕೇಳಿದೆ. ಇಲ್ಲೀವರೆಗೆ ನೋಡ್ಕೊಂಡಿದೀನಿ ಅಂದ್ರು. ಮದುವೆಯಾಗಿ ಆಗ ಎರಡು ವಾರ!" ಹೇಳಿ ಗೊಳ್ಳನೆ ನಕ್ಕರು, ಮೇಷ್ಟ್ರು ಪಕ್ಕದಲ್ಲೇ ಕುಳಿತು, ಹೌದು, ಹಾಗೇ ಅಂದಿದ್ದೆ ಎಂಬಂತೆ ತಲೆಯಾಡಿಸಿದರು. ಆಕೆ ಬಹುಶಃ ಆ ಒಣಮಾತಿನ ಕೆಳಗೆ ಏನಿದೆಯೆಂದು ಅರಿತು ಒಗ್ಗಿಕೊಂಡಿದ್ದರು. ಮಗಳಿಗೆ ಅದು ಒಗ್ಗಲಿಲ್ಲ. ಮಗಳು ತಾಯಿಯ ಹಾಗೆ ಬಿಸಿರಕ್ತದವಳು, ಕೋಪವೂ ಪ್ರೀತಿಯೂ ಒಟ್ಟಿಗೆ ಉಕ್ಕುವ ಸ್ವಭಾವ, ಆದ್ದರಿಂದ ಜಗಳ ಹತ್ತಿದ್ದೂ ತಾಯಿಯೊಂದಿಗೇ. ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಅವರಿಬ್ಬರೂ ಯಾವುದೋ ಮಾತಿಗೆ ಮಾತು ಬೆಳೆಸಿ, ಕಡೆಗೆ ಮಾತನ್ನೇ ಬಿಟ್ಟರು. ಕಾರಣವೇನೆಂದು ಕೇಳಿದರೆ ಮೇಷ್ಟ್ರು, "ನನ್ನ ಕಿವಿಗೆ ಬಿದ್ದದ್ದು ಹೊಲಿಗೆ ಮಿಷನ್ನಿನ ವಿಷಯ. ಉಳಿದದ್ದು ಅಡುಗೆಮನೆಯಲ್ಲಿ ನಡೀತು" ಎನ್ನುತ್ತಿದ್ದರು.

ಮೇಷ್ಟ್ರ ಹೆಂಡತಿ ಕಾಯಿಲೆ ಬಿದ್ದದ್ದು ಇದ್ದಕ್ಕಿದ್ದಂತೆ. ಮೊದಲು ಎಡಗೈ ಸೋತಿತು, ಆಮೇಲೆ ಮಾತು ನಿಂತಿತು. ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಬಾಗಿಲ ಕಡೆಗೆ ನೋಡುತ್ತಿದ್ದರಂತೆ. ಮಗಳು ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಆ ಹಜಾರದಲ್ಲಿದ್ದೆ. ಅವಳು ತಂದೆಯ ಕೋಟಿನ ತೋಳು ಹಿಡಿದುಕೊಂಡು, "ಅಪ್ಪಾ, ಅಮ್ಮ ನನ್ನ ಕೇಳಿದ್ಲಾ? ಒಂದ್ಸಲನಾದ್ರೂ ಕೇಳಿದ್ಲಾ?" ಎಂದಳು. ಹಜಾರದಲ್ಲಿದ್ದ ನರ್ಸಮ್ಮನೂ ಮುಖ ಎತ್ತಿ ನೋಡಿದರು. ಲೋಕದ ಯಾವ ತಂದೆಯಾದರೂ ಹೂಂ ಎನ್ನುತ್ತಿದ್ದ. ಮೇಷ್ಟ್ರು ತುಟಿ ತೇವ ಮಾಡಿಕೊಂಡು, "ಮಾತು ನಿಂತುಹೋಗಿತ್ತಮ್ಮ. ಬಾಗಿಲ ಕಡೆ ನೋಡ್ತಿದ್ಲು. ಏನು ಯೋಚನೆ ಮಾಡ್ತಿದ್ಲೋ, ನಂಗೆ ಗೊತ್ತಿಲ್ಲ" ಎಂದರು. ಅವಳು ಹಿಡಿದ ತೋಳನ್ನು ಮೆಲ್ಲಗೆ ಬಿಟ್ಟಳು. ಆಮೇಲೆ ಬಂದು ಹೋಗುವುದೂ ಕಡಿಮೆಯಾಯಿತು, ಫೋನಿನಲ್ಲಿ ಔಷಧಿ ತೊಗೊಂಡ್ರಾ ಎಂಬಷ್ಟಕ್ಕೆ ಮಾತು ಮುಗಿಯತೊಡಗಿತು.

ವರ್ಷಗಳು ಕಳೆದು ಮೇಷ್ಟ್ರು ನಿವೃತ್ತರಾದರು. ಆದರೂ ಅವರ ಕೋಣೆಯ ಮೂಲೆಯಲ್ಲಿ ಒಂದು ಮೇಜನ್ನು ಮ್ಯೂಸಿಯಂ ಅವರಿಗಾಗಿಯೇ ಉಳಿಸಿತ್ತು. ಹೊಸ ನಿರ್ದೇಶಕರು ಬಂದರು, ಸಭಾಂಗಣವನ್ನು ಹೊಸದು ಮಾಡುವ ಹುಮ್ಮಸ್ಸಿನಲ್ಲಿ ಮೀನಿಗೆ ಬಾಲ ಹಚ್ಚಲೇಬೇಕೆಂದರು. ಮಾದರಿ ತಯಾರಿಸುವ ಕಲಾವಿದೆಯನ್ನು ಕರೆದುಕೊಂಡು, ಬೈಸಿಕೊಳ್ಳುವುದಕ್ಕೆ ಸಿದ್ಧನಾಗಿಯೇ ನಾನು ಮೇಷ್ಟ್ರ ಮನೆಗೆ ಹೋದೆ. ನಿರೀಕ್ಷಿಸಿದ್ದಂತೆ ಅವರು, "ಕಾಣದ ಬಾಲ ಹಚ್ಚೋದು ಸುಳ್ಳು ಹೇಳಿದ ಹಾಗೆ" ಎಂದು ಕಡ್ಡಿ ಮುರಿದಂತೆ ಹೇಳಿದರು. ಕಲಾವಿದೆ ವಾದಕ್ಕಿಳಿಯದೆ, ಅನುಮಾನ ಬಗೆಹರಿಸಿಕೊಳ್ಳುವವಳಂತೆ ಕೇಳಿದಳು: "ಬಾಲ ಅಂತೂ ಇತ್ತಲ್ವಾ ಸಾರ್? ಅಷ್ಟು ದೊಡ್ಡ ತಲೆ ಹೊತ್ಕೊಂಡು ಬಾಲ ಇಲ್ದೆ ಹೇಗೆ ಈಜ್ತಿತ್ತು? ಇಷ್ಟು ವರ್ಷ ಹಲಗೆ ನೋಡಿದವರು ಅದಕ್ಕೆ ಬಾಲಾನೇ ಇರ್ಲಿಲ್ಲ ಅಂದ್ಕೊಂಡು ಹೋಗಿದಾರೆ. ಅದು ಸುಳ್ಳಲ್ವಾ?"

ಮೇಷ್ಟ್ರು ಭೂತಗನ್ನಡಿಯನ್ನು ಜೇಬಿನಿಂದ ತೆಗೆದು, ಕೋಟಿನ ಅಂಚಿನಿಂದ ಒರೆಸಿ, ಮತ್ತೆ ಒಳಗಿಟ್ಟರು. ಹೆಂಡತಿ ಕೂರುತ್ತಿದ್ದ ಬೆತ್ತದ ಕುರ್ಚಿಯನ್ನು ಬಹಳ ಹೊತ್ತು ನೋಡಿದರು. ಕಡೆಗೆ, "ಗೊತ್ತಿಲ್ಲ ಅಂದ್ರೆ ಕೇಳಿದವರಿಗೆ ಇಲ್ಲ ಅಂತ ಕೇಳಿಸುತ್ತೆ, ಅಲ್ವೇನಮ್ಮಾ?" ಎಂದರು. ಕಲಾವಿದೆ ಮೀನಿನ ಮಾತೆಂದುಕೊಂಡು ಹೌದು ಸಾರ್ ಎಂದಳು. ನನಗೆ ಮಾತ್ರ ಆಸ್ಪತ್ರೆಯ ಹಜಾರ ಕಣ್ಣ ಮುಂದೆ ಬಂತು.

ಬಾಲಕ್ಕೆ ಅವರು ಒಪ್ಪಿಗೆ ಕೊಟ್ಟರು, ಒಂದು ಷರತ್ತಿನ ಮೇಲೆ: ಹೆಗಲಿಗೆ ಬಾಲ ಕೂಡುವಲ್ಲಿ ಸುತ್ತಲೂ ಒಂದು ಕೆಂಪು ಗೆರೆ ಎಳೆಯಬೇಕು, ಫಲಕದಲ್ಲಿ "ಗೆರೆಯಿಂದ ಹಿಂದೆ ಊಹೆ" ಎಂದು ಬರೆಯಬೇಕು. ಬರೆದೆ. ಆ ವಾರವೇ ಅವರು ಮಗಳಿಗೂ ತಿಳಿಸದೆ ರೈಲು ಹತ್ತಿ ಮಗಳ ಊರಿಗೆ ಹೋದರು. ಹೋದವರು ಎರಡು ದಿನವಾದರೂ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಮಾರನೆಯ ಬೆಳಿಗ್ಗೆಯೇ ಮ್ಯೂಸಿಯಂನ ಮೂಲೆಯ ಮೇಜಿನ ಮುಂದೆ, ಕುಂಚವನ್ನು ಕೈಯಲ್ಲಿ ಹಿಡಿದು ಏನನ್ನೂ ಗುಡಿಸದೆ ಕುಳಿತಿದ್ದರು.

ಏನಾಯಿತೆಂದು ಅವರೇ ಹೇಳಿದರು. ಅವರು ಹೇಳಬೇಕೆಂದುಕೊಂಡು ಹೋದದ್ದು ಸರಿಯಾಗಿಯೇ ಇತ್ತು: ತಾಯಿ ಮಗಳನ್ನು ನೆನೆಯದೆ ಇರುವುದು ಸಾಧ್ಯವಿಲ್ಲ, ಬಾಗಿಲ ಕಡೆ ನೋಡಿದ್ದು ನಿನಗಾಗಿಯೇ ಇರಬೇಕು. ಆದರೆ ಊಹೆಯನ್ನು ಊಹೆಯೆಂದು ಹೇಳುವ ಮಾತುಗಳನ್ನು ಅವರು ಎಂದೂ ಬಳಸಿದವರಲ್ಲ. ಮಗಳ ಮುಖ ಕಂಡೊಡನೆ ಅಭ್ಯಾಸವಿಲ್ಲದ ಬಾಯಿ ಎಡವಿತು. "ಮಾತು ನಿಲ್ಲೋ ಮುಂಚೆ ನಿನ್ನ ಹೆಸರು ಹಿಡಿದು ಕೇಳಿದ್ಲು ಕಣಮ್ಮ" ಎಂದುಬಿಟ್ಟರು. ಗೆರೆ ಎಳೆಯಲಿಲ್ಲ.

"ಅತ್ತಳು ಕಣಯ್ಯಾ. ಸಮಾಧಾನ ಆಗೋ ಹಾಗೆ ಅತ್ತಳು. ಆಮೇಲೆ ಕಣ್ಣು ಒರೆಸ್ಕೊಂಡು, ಇದನ್ನ ಇಷ್ಟು ವರ್ಷ ಯಾಕೆ ಬಚ್ಚಿಟ್ರಿ ಅಂದ್ಲು. ಅಮ್ಮ ನಂಗೆ ಕೊಟ್ಟು ಹೋದ ಒಂದು ಮಾತು, ಅದನ್ನೂ ನಿಮ್ಮ ಕಪಾಟಲ್ಲಿ ಬೀಗ ಹಾಕಿ ಇಟ್ಕೊಂಡ್ರಾ ಅಂದ್ಲು." ಅವರು ಕುಂಚವನ್ನು ಜೇಬಿಗೆ ಹಾಕಲು ಹೋಗಿ ಜೇಬು ಸಿಗದೆ ತಡವರಿಸಿದರು. "ಎದ್ದು ಬಂದೆ."

ಈಗಲಾದರೂ ನಿಜ ಹೇಳಿಬಿಡಿ ಸಾರ್ ಎಂದೆ.

"ಯಾವ ನಿಜ? ಕೇಳಲಿಲ್ಲ ಅನ್ನೋದೂ ನಂಗೆ ಗೊತ್ತಿಲ್ವಲ್ಲಯ್ಯಾ." ಆಮೇಲೆ ಕುಂಚವನ್ನು ಮೇಜಿನ ಮೇಲಿಟ್ಟು, "ಇರಲಿ. ಅವಳಿಗೆ ಅವಳಮ್ಮ ಸಿಕ್ಕಿದ್ಲು" ಎಂದರು. ಅದಾದ ಮೇಲೆ ಅವರು ಬಹಳ ಕಾಲ ಬದುಕಲಿಲ್ಲ. ಬಾಲ ಬಂದ ಮೇಲೆ ಜನ ಮೀನಿನ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಮೇಷ್ಟ್ರು ಮಾತ್ರ ಆ ಸಭಾಂಗಣದ ದಾರಿಯನ್ನೇ ಬಿಟ್ಟು, ಹಿಂಬಾಗಿಲ ಮೆಟ್ಟಿಲಿನಿಂದ ಬಂದು ಹೋಗುತ್ತಿದ್ದರು.

ಅವರು ತೀರಿಕೊಂಡ ಮೇಲೆ ಮೇಜಿನ ಸಾಮಾನು ತೆಗೆದುಕೊಂಡು ಹೋಗಲು ಮಗಳು ಬಂದಳು. ಗೂಟಕ್ಕೆ ನೇತು ಹಾಕಿದ್ದ ಕೋಟನ್ನು ಇಳಿಸಿ, ನೀಲಿ ಗುಂಡಿಯ ಮೇಲೆ ಬೆರಳಿಟ್ಟು, "ಅಮ್ಮ ಬೇಕಂತಲೇ ಹೊಲಿದಿದ್ದು. ಬಾಯಿಬಿಟ್ಟು ಏನಾದ್ರೂ ಅಂತಾರಾ ನೋಡೋಣ ಅಂತ. ಕಾದೂ ಕಾದೂ ಸಾಕಾಯ್ತಂತೆ" ಎಂದು ನಕ್ಕಳು, ಅಥವಾ ನಗಲು ಹೋದಳು. ಹೊರಗೆ ಹೋಗುವ ದಾರಿಯಲ್ಲಿ ಮೀನಿನ ಮುಂದೆ ನಿಂತಳು. ಈ ಗೆರೆ ಯಾಕೆ ಎಂದು ಕೇಳಿದಳು. ಗೆರೆಯ ಹಿಂದಿನದು ಊಹೆ, ನಿಮ್ಮ ತಂದೆಯವರೇ ಒಪ್ಪಿ ಹಾಕಿಸಿದ್ದು ಎಂದೆ.

"ಅಪ್ಪ ಊಹೆ ಮಾಡಿದ್ರಾ?" ಅವಳು ನಂಬದೆ ತಲೆಯಾಡಿಸಿದಳು. "ನಿಮ್ಮ ಬಲವಂತಕ್ಕೆ ಹೂಂ ಅಂದಿರ್ಬೇಕು. ಕಾಣದ್ದನ್ನ ಹೇಳೋ ಬಾಯಲ್ಲ ಅದು. ಅಮ್ಮ ನನ್ನ ಕೇಳಿದ್ಲು ಅಂತ ಅವರು ಅಂದಾಗ, ಬೇರೆ ಯಾರಾದ್ರೂ ಅಂದಿದ್ರೆ ನಾನು ನಂಬ್ತಾನೇ ಇರ್ಲಿಲ್ಲ. ಹಾಗಾದ್ರೆ ಅಷ್ಟು ವರ್ಷ ಬಚ್ಚಿಟ್ಟಿದ್ದೂ ನಿಜಾನೇ ಅಲ್ವಾ? ಅದಕ್ಕೇ ಅವರನ್ನ ಕ್ಷಮಿಸೋಕಾಗ್ಲಿಲ್ಲ."

ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಅವಳಿಗೆ ತಂದೆಯನ್ನು ಮರಳಿ ಕೊಡಬೇಕಾದರೆ ತಾಯಿಯನ್ನು ಕಿತ್ತುಕೊಳ್ಳಬೇಕಿತ್ತು. ಅದು ಮೇಷ್ಟ್ರು ಮಾಡಿ ಹೋದ ಹಂಚಿಕೆ, ನಾನು ಕೈಹಾಕುವಂಥದ್ದಲ್ಲ. ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಅವಳು ಗೇಟು ದಾಟುವವರೆಗೆ ನೋಡುತ್ತ ನಿಂತೆ.

ನಮ್ಮಂಥವರು ದಿನ ಬೆಳಗಾದರೆ ನೂರು ಬಾಲ ಹಚ್ಚುತ್ತೇವೆ. ಚೆನ್ನಾಗಿದ್ದೀರಿ, ಎಲ್ಲ ಸರಿಹೋಗುತ್ತದೆ, ಅವರು ನಿಮ್ಮನ್ನು ತುಂಬಾ ನೆನೆದರು ಎನ್ನುತ್ತೇವೆ. ಕೇಳಿದವರು ಅರ್ಧ ನಂಬಿ, ಅರ್ಧ ಬಿಟ್ಟು, ನಮ್ಮೊಂದಿಗೆ ನಗುತ್ತಲೇ ಇರುತ್ತಾರೆ. ಕಂಡಷ್ಟೇ ಹೇಳುವವರ ಕುಲವೇ ಬೇರೆ. ಅವರ ಬಾಯಿಂದ ಒಂದು ಹಿತವಾದ ಮಾತು ಬರಲೆಂದು ಕಾದ ಮನೆಯವರು ಕಾದೇ ಸೋಲುತ್ತಾರೆ. ಅಂಥವರು ಬದುಕಿನಲ್ಲಿ ಒಮ್ಮೆ, ತಡವಾಗಿ, ತಮ್ಮಲ್ಲಿ ಇಲ್ಲದ್ದನ್ನು ಪ್ರೀತಿಯಿಂದ ಕೊಟ್ಟರೆ, ಪಡೆದವರು ಅದನ್ನು ಕಲ್ಲಿನಲ್ಲಿ ಕಂಡಷ್ಟೇ ಗಟ್ಟಿಯಾಗಿ ನಂಬುತ್ತಾರೆ. ಕೊಟ್ಟವರನ್ನು ಮಾತ್ರ ಕ್ಷಮಿಸುವುದಿಲ್ಲ.