ಚಿನ್ನ ತೊಳೆದವಳು

ಎರಡನೇ ದೀಪವನ್ನೂ ಉಜ್ಜಿ ಮುಗಿಸಿದ ಮೇಲೆಯೇ ಪಾಲಿಷ್ ಮೇಸ್ತ್ರಿ ತಲೆ ಎತ್ತಿದ್ದು. ಮೊದಲನೆಯದನ್ನು ಕೆಡಿಸಿದ್ದು ಅವನ ಕಣ್ಣು. ಎರಡನೆಯದನ್ನು ಕೆಡಿಸಿದವನು ಅವನೇ.

ಮೇಜಿನ ಮೇಲಿಡುವ ಹಳೆಯ ಜೋಡಿ ದೀಪಗಳು ಅವು. ಬಿಳಿ ಅಮೃತಶಿಲೆಯ ಗಿಡ್ಡ ಕಂಬ, ಬುಡಕ್ಕೆ ಕಂಚಿನ ಸಿಂಹಪಾದ, ಕೊರಳಿಗೆ ಕಂಚಿನ ಎಲೆಹಾರ, ಕಂಚಿನ ಮೇಲೆಲ್ಲ ಚಿನ್ನದ ತೆಳು ಲೇಪ. ಅಂಥದ್ದನ್ನು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು, ಅಷ್ಟೇ. ಹತ್ತಾರು ಜನರಿಗೆ ಹಾಗಂತ ಪಾಠ ಹೇಳಿದವನು ಇವನೇ. ಆದರೆ ಕನ್ನಡಕ ಮಾಡಿಸಿಕೋ ಎಂದು ಮಗಳು ಆರು ತಿಂಗಳಿಂದ ಪ್ರಾಣ ತಿಂದರೂ ಕಿವಿಗೆ ಹಾಕಿಕೊಳ್ಳದ ಮಹರಾಯ, ಮೊದಲ ದೀಪದ ಮಬ್ಬು ಹಿಡಿದ ಚಿನ್ನವನ್ನು ಬರೀ ಕಂಚು ಎಂದುಕೊಂಡು ಪಾಲಿಷ್ ಹಚ್ಚಿ ತಿಕ್ಕಿದ್ದ. ಬಟ್ಟೆಗೆ ಹಳದಿ ಹೊಳಪು ಹತ್ತಿದಾಗಲೇ ಅದು ಚಿನ್ನವೆಂದು ತಿಳಿದದ್ದು. ಒಂದು ದೀಪ ಮಾತ್ರ ಬೋಳಾದರೆ ಯಾರಿಗಾದರೂ ಗೊತ್ತಾಗುತ್ತದೆ, ಎರಡೂ ಬೋಳಾದರೆ ವಯಸ್ಸಿನ ಮೇಲೆ ಹಾಕಬಹುದು ಎಂದು ಎರಡನೆಯದನ್ನೂ ಬೇಕೆಂದೇ ತಿಕ್ಕಿದ್ದ. ಬೀದಿಯವರು ಅವನನ್ನು ‘ಚಿನ್ನದ ಕೈ’ ಎಂದು ಕರೆಯುತ್ತಿದ್ದರು. ಆ ಹೆಸರು ಉಳಿಯಬೇಕಿತ್ತು.

ಸಂಜೆ ದೀಪದ ಒಡತಿ ಬಂದರು. ನರೆತ ತಲೆ, ಮೆಲ್ಲನೆಯ ಮಾತು. ಕಿಟಕಿಯ ಬೆಳಕಲ್ಲಿ ಬೋಳು ಎಲೆಗಳ ಮೇಲೆ ಬೆರಳಾಡಿಸಿದರು. ಮೇಸ್ತ್ರಿ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು, ಬಾಯಿಪಾಠ ಮಾಡಿಟ್ಟಿದ್ದನ್ನು ಒಪ್ಪಿಸಿದ.

“ವಯಸ್ಸಾಗಿದೆಯಲ್ಲಮ್ಮಾ, ಚಿನ್ನ ಸವೆದುಹೋಗಿದೆ.”

“ವಯಸ್ಸಲ್ಲ ಮೇಸ್ತ್ರಿ. ನಾನೇ ಹಾಳು ಮಾಡಿದ್ದು.”

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯನ್ನು ಮೆಚ್ಚಿಸಲು ಹೋಗಿ ಅವರು ಈ ದೀಪಗಳನ್ನು ನಿಂಬೆಹಣ್ಣು ಹಾಕಿ ತಿಕ್ಕಿದ್ದರಂತೆ. ಅತ್ತೆ ಸಾಯುವವರೆಗೂ ‘ಚಿನ್ನ ತೊಳೆದವಳು’ ಎಂದೇ ಆಡಿಕೊಂಡರಂತೆ. ಚಿನ್ನ ಒಂದು ಚೂರೂ ಹೋಗಿಲ್ಲ ಎಂದು ಇವರೂ ಅಷ್ಟೂ ವರ್ಷ ಬಿಡದೆ ವಾದಿಸಿದ್ದರು.

“ಕೊಳೆ ಹೋದ ಮೇಲೆ ಗೊತ್ತಾಯ್ತು ನೋಡಿ. ಅವರು ಹೇಳಿದ್ದೇ ನಿಜ. ಪಾಪ, ಸುಮ್ಮನೆ ಜಗಳ ಆಡಿದೆ.”

ಇಲ್ಲಮ್ಮಾ ಎನ್ನಲು ಮೇಸ್ತ್ರಿ ಬಾಯಿ ತೆರೆದ. ಅಷ್ಟರಲ್ಲಿ ಅವರು, ಮೊದಲೇ ನಿಮ್ಮ ಕೈಗೆ ಕೊಡಬೇಕಿತ್ತು ಎಂದುಬಿಟ್ಟರು. ಆ ಹೊಗಳಿಕೆಯನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಇಷ್ಟು ಕೀಳು ಮನುಷ್ಯ ತಾನು ಎಂದು ಅವನಿಗೇ ಈವರೆಗೆ ಗೊತ್ತಿರಲಿಲ್ಲ.

ಒಂದನ್ನು ತಾವು ಎತ್ತಿಕೊಂಡು, ಇನ್ನೊಂದನ್ನು ಬಾಗಿಲವರೆಗೆ ತರುತ್ತೀರಾ ಎಂದು ಅವರು ಕೇಳಿದರು. ಮೇಸ್ತ್ರಿ ಜೇಬಿನಿಂದ ಕೈ ತೆಗೆದ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಇನ್ನೂ ಹಳದಿ ಮಿನುಗುತ್ತಿತ್ತು. ಬೆರಳುಗಳನ್ನು ಒಳಗೆ ಮಡಚಿ, ಬರೀ ಮುಷ್ಟಿಗಳ ನಡುವೆ ಆ ಭಾರದ ದೀಪವನ್ನು ಒತ್ತಿ ಹಿಡಿದು, ಅವರ ಹಿಂದೆ ನಡೆದ.

“ಹುಷಾರು, ಜಾರೀತು,” ಎಂದು ಅವರು ಬಾಗಿಲನ್ನು ಅಗಲವಾಗಿ ತೆರೆದು ಹಿಡಿದರು.