ಗಾಲಿಯಿಲ್ಲದ ಕಾರು

ಶಿವಪ್ರಕಾಶ ಕಂಪ್ಯೂಟರ್ ಪಂಡಿತನೆಂದು ಹೆಸರಾದದ್ದು ಒಂದು ಪ್ಲಗ್‌ನಿಂದ. 2005ರ ರಾಜ್ಯೋತ್ಸವದ ದಿನ ಲಂಡನ್ನಿನ ಗ್ರೀನ್‌ಫರ್ಡ್‌ನ ಸಭಾಂಗಣದಲ್ಲಿ ಪ್ರೊಜೆಕ್ಟರ್ ಕೈಕೊಟ್ಟಾಗ ಅವನು ಪ್ಲಗ್ ಕಿತ್ತು, ಹತ್ತು ಎಣಿಸಿ, ಮತ್ತೆ ಚುಚ್ಚಿದ. ಚಿತ್ರ ಬಂತು, ಹಿಂದೆಯೇ ಚಪ್ಪಾಳೆಯೂ ಬಂತು. ನಿಜ ಹೇಳಬೇಕೆಂದರೆ ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಮುದಿ ಪ್ರೋಗ್ರಾಮುಗಳಿಗೆ ತೇಪೆ ಹಾಕುವುದು ಅವನ ಕೆಲಸ. ಹತ್ತು ವರ್ಷದಿಂದ ಅವನು ನೋಡಿದ್ದ ಗ್ರಾಫಿಕ್ಸ್ ಎಂದರೆ ಕಪ್ಪು ಪರದೆಯ ಮೇಲಿನ ಹಸಿರು ಅಕ್ಷರ. ಆಡಿದ್ದ ಆಟ ಇಸ್ಪೀಟಿನ ಸಾಲಿಟೇರ್ ಒಂದೇ, ಅದರಲ್ಲೂ ಸೋಲುತ್ತಿದ್ದ. ಇದೆಲ್ಲ ಗೊತ್ತಿದ್ದದ್ದು ಹೆಂಡತಿ ಚಂದ್ರಿಕಾಗೆ ಮಾತ್ರ.

ಆ ದಿನ ಚಪ್ಪಾಳೆ ತಟ್ಟಿದ್ದ ಬೆಳಗಾವಿ ಕಡೆಯ ಕಾಶವ್ವನಿಗೆ ಗೊತ್ತಿರಲಿಲ್ಲ. ಐವತ್ತನಾಲ್ಕರ ಕಾಶವ್ವ ಗ್ರೀನ್‌ಫರ್ಡ್‌ನ ಬಿಸ್ಕತ್ತಿನ ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುತ್ತಿದ್ದಳು. ಅಲ್ಲಿ ನಡೆಯುವವರಿಗಿಂತ ಒಂಚೂರು ಜೋರು ಹೋದರೂ ಸೂಪರ್‌ವೈಸರ್ ಸೀಟಿ ಊದುತ್ತಿದ್ದ. ದಿನವಿಡೀ ಹಾಗೆ ತೆವಳಿ ಬಂದವಳಿಗೆ ಸಂಜೆ ಜೋರಾಗಿ ಓಡಿಸಲು ಏನಾದರೂ ಬೇಕಿತ್ತು. ಜೊತೆಗಾತಿಯೊಬ್ಬಳು ಕಾರ್ ರೇಸಿನ ಸಿ.ಡಿ. ಕೊಟ್ಟಿದ್ದಳು. ಕಾಶವ್ವ ಶಿವಪ್ರಕಾಶನಿಗೆ ಫೋನು ಹಚ್ಚಿದಳು.

"ತಮ್ಮಾ, ಲ್ಯಾಪ್‌ಟಾಪ್ ತಗೋಬೇಕು. ಗ್ರಾಫಿಕ್ಸ್ ಕಾರ್ಡ್ ಚಲೋ ಇರಬೇಕಂತ. ಐನೂರು ಪೌಂಡಿನೊಳಗ ಯಾವ್ದು ಬರ್ತೈತಿ? ನಿನಗ ತಿಳೀತೈತೇನು?"

ಗೊತ್ತಿಲ್ಲ ಎಂದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. "ಅದೇನು ಮಹಾ, ಅಕ್ಕ! ಶನಿವಾರ ಹೋಗಿ ತಂದುಬಿಡೋಣ," ಎಂದ.

ಟಾಟೆನ್‌ಹ್ಯಾಮ್ ಕೋರ್ಟ್ ರೋಡಿನ ಅಂಗಡಿಯಲ್ಲಿ ಶಿವಪ್ರಕಾಶ ಕೈ ಹಿಂದೆ ಕಟ್ಟಿಕೊಂಡು, ಗಿಡದ ಅಂಗಡಿಗೆ ಬಂದವನಂತೆ ಲ್ಯಾಪ್‌ಟಾಪುಗಳ ನಡುವೆ ಅಡ್ಡಾಡಿದ. ಒಂದರ ಮೇಲೆ ಕಿತ್ತಳೆ ಚೀಟಿಯಲ್ಲಿ ದಪ್ಪಗೆ '256 ಎಂಬಿ ಗ್ರಾಫಿಕ್ಸ್' ಎಂದಿತ್ತು. ಪಕ್ಕದ ದಢೂತಿ ಲ್ಯಾಪ್‌ಟಾಪಿನ ಮೇಲೆ ಬರೀ 64.

"ಇದೇ," ಎಂದ ಶಿವಪ್ರಕಾಶ.

"ಅಂಗಡ್ಯಾವನ್ನ ಒಂದ್ ಮಾತು ಕೇಳೂಣೇನು?"

"ಅವನಿಗೇನು ಗೊತ್ತಿರತ್ತೆ ಅಕ್ಕ? ಮಾರೋನು."

ಭಾನುವಾರ ಊಟದ ಹೊತ್ತಿಗೆ ಫೋನು ಬಂತು.

"ತಮ್ಮಾ, ನೀ ಕೊಡಿಸಿದ ಗಾಡಿಗೆ ಗಾಲೀನ ಇಲ್ಲ."

"ಅಂದ್ರೆ?"

"ಕಾರು ಗಾಳ್ಯಾಗ ತೇಲ್ತೈತಿ. ರಸ್ತಾ ಕರ್ರಗ ಕಾಣ್ತೈತಿ. ನಾ ತಿರುಗೋ ಗುಂಡಿ ಒತ್ತಿ ಚಾ ಕುಡಿದು ಬಂದ್ರೂ ಕಾರು ಇನ್ನಾ ತಿರುಗಾಕತ್ತೈತಿ."

ಪ್ಲಗ್ ಕಿತ್ತು ಹತ್ತು ಎಣಿಸಿ ಎಂದ. ಅವಳು ಎಣಿಸಿದಳು. ಗಾಲಿ ಬರಲಿಲ್ಲ. ಎದುರಿಗೆ ಕೂತ ಚಂದ್ರಿಕಾ ನಕ್ಕು ನಕ್ಕು ಸಾರು ನೆತ್ತಿಗೇರಿಸಿಕೊಂಡಳು. "ಸಾಲಿಟೇರ್ ಆಡಕ್ಕೆ ಹೇಳಿ ಅವರಿಗೆ," ಎಂದಳು.

ಸೋಮವಾರ ಆಫೀಸಿನಲ್ಲಿ, ಆಟದ ಹುಚ್ಚಿದ್ದ ಸಹೋದ್ಯೋಗಿ ಅಭಿಜಿತ್‌ನ ಬಳಿ, ಯಾರೋ ದೂರದ ಪರಿಚಯದವರ ಕತೆ ಎಂಬಂತೆ ಕೇಳಿದ. ಅಭಿಜಿತ್ ಬಿಡಿಸಿ ಹೇಳಿದ: ಆ 256 ಗ್ರಾಫಿಕ್ಸ್‌ನ ಸ್ವಂತದ್ದಲ್ಲ, ಕಂಪ್ಯೂಟರಿನ ಮೆಮೊರಿಯಿಂದಲೇ ಎರವಲು ಪಡೆದದ್ದು. ಚೀಟಿಯಲ್ಲಿ ಸಣ್ಣದಾಗಿ 'ವರೆಗೆ' ಎಂದೂ ಇರುತ್ತದೆ. ಪ್ರತ್ಯೇಕ ಕಾರ್ಡಿರುವ 64 ಎಷ್ಟೋ ವಾಸಿ. ಲ್ಯಾಪ್‌ಟಾಪಿನಲ್ಲಿ ಕಾರ್ಡ್ ಆಮೇಲೆ ಬದಲಿಸೋಣವೆಂದರೆ ಅದೂ ಆಗದು.

"ಯಾರು ಸ್ವಾಮಿ ಕೊಡಿಸಿದ್ದು ಅದನ್ನ?"

"ಯಾವನೋ ಅಯೋಗ್ಯ," ಎಂದ ಶಿವಪ್ರಕಾಶ.

ಶನಿವಾರ ಗ್ರೀನ್‌ಫರ್ಡ್‌ಗೆ ಹೋಗಿ ಎಲ್ಲ ಒಪ್ಪಿಕೊಂಡ. ಪ್ಲಗ್ ವಿಷಯವನ್ನೂ ಬಿಡಲಿಲ್ಲ. ಕಾಶವ್ವ ಅವನ ಮುಂದೆ ಚಹಾ ಇಟ್ಟು, ಮುಖವನ್ನೇ ನೋಡುತ್ತ ಕೂತಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಗೊತ್ತಿಲ್ಲ ಅನ್ನಾಕ ಏನಾಗಿತ್ತು ನಿನಗ?"

"ನಾಚಿಕೆ ಆಯ್ತು ಅಕ್ಕ."

"ಈಗ ಆಗವಲ್ದೇನು? ಏಳು. ಸಿ.ಡಿ. ತಗೊಂಡ ಬರ್ತೀನಿ."

ಅಂಗಡಿಯವನು ವಾಪಸ್ ತೆಗೆದುಕೊಳ್ಳಲು ಮೊದಲು ಮೂತಿ ಸೊಟ್ಟ ಮಾಡಿದ. ಫೋರ್ಕ್‌ಲಿಫ್ಟ್ ದಾರಿಗೆ ಅಡ್ಡ ನಿಂತವರನ್ನು ನೋಡುವ ಹಾಗೆ ಕಾಶವ್ವ ಅವನನ್ನು ನೋಡಿದಳು. ಅವನು ಒಪ್ಪಿದ. ಬಳಿಕ ಅವಳು ಚೀಲದಿಂದ ಸಿ.ಡಿ. ತೆಗೆದು, ಇದನ್ನು ಹಾಕಿ ಓಡಿಸಿ ತೋರಿಸು, ಆಮೇಲೆ ಮಾತು ಎಂದಳು. ಮೊದಲನೆಯದರಲ್ಲಿ ಕಾರು ತೇಲಿತು. ಎರಡನೆಯದು ಉಸಿರೇ ಎತ್ತಲಿಲ್ಲ. ಮೂರನೆಯದು ಅದೇ ದಢೂತಿ 64. ಒಳಗಿನ ಫ್ಯಾನು ಮಿಕ್ಸಿಯಂತೆ ಅರಚಿತು, ಆದರೆ ಗಾಲಿ ಬಂತು, ರಸ್ತೆ ಬಂತು, ಮರದ ನೆರಳೂ ಬಂತು.

ಕಾಶವ್ವ ಕೋಟು ಬಿಚ್ಚದೆ, ನಿಂತಲ್ಲೇ ಮೂರು ಸುತ್ತು ಹೊಡೆದಳು. ಎರಡನೇ ಸುತ್ತಿಗೆ ಹಿಂದೆ ನಾಲ್ಕು ಜನ ಸೇರಿದ್ದರು. ಶಿವಪ್ರಕಾಶನಿಗೂ ಒಂದು ಅವಕಾಶ ಸಿಕ್ಕಿತು. ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದ.

"ಬಿಡ್ ತಮ್ಮಾ, ನೀ ಡಬ್ಬಿ ಹೊತ್ಕೊ."

ಅವನು ಖಾಲಿ ಡಬ್ಬಿ ಹೊತ್ತು ಸೆಂಟ್ರಲ್ ಲೈನ್ ರೈಲಿನಲ್ಲಿ ಅವಳ ಪಕ್ಕ ಕೂತ. ಅವಳು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಿದ್ದಳು. ಪೆರಿವೇಲ್ ನಿಲ್ದಾಣ ಬರುವಷ್ಟರಲ್ಲಿ, ಗೆಲ್ಲಲು ಇನ್ನೊಂದೇ ಕಾರು ಉಳಿದಿದ್ದಾಗ, ಬ್ಯಾಟರಿ ಸತ್ತು ಪರದೆ ಕಪ್ಪಾಯಿತು.

ಕಾಶವ್ವ ನಿಧಾನಕ್ಕೆ ತಿರುಗಿ ಅವನ ಕಡೆ ನೋಡಿದಳು.

"ನನಗೆ ಗೊತ್ತಿಲ್ಲ ಅಕ್ಕ," ಎಂದ ಶಿವಪ್ರಕಾಶ, ಅವಳು ಬಾಯಿ ತೆರೆಯುವ ಮೊದಲೇ.