ಉಳಿದ ಸಿಟ್ಟು

ಅಕ್ಕನ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ತಂಗಿಯದು. ಕೈ ಹೇಳಿದಂತೆ ಕೇಳುತ್ತಿತ್ತು, ಬಾಯಿ ಮಾತ್ರ ತಿಂಗಳಲ್ಲಿ ಕೆಲವು ದಿನ ಯಾರ ಮಾತೂ ಕೇಳುತ್ತಿರಲಿಲ್ಲ. ಮುಟ್ಟಿನ ಮುಂಚಿನ ಆ ದಿನಗಳಲ್ಲಿ ಮಿಷನ್ನಿನ ಸದ್ದೂ ಬೈದಂತೆ ಕೇಳಿಸುವುದು. ಒಮ್ಮೆ ಕತ್ತರಿ ಬಿಸಾಡಿ ಮನೆಗೆ ಹೋಗಿ, ಆಮೇಲೆ ಕಾರಣವೇ ನೆನಪಾಗದೆ ಪೆಚ್ಚುಮೋರೆ ಹಾಕಿಕೊಂಡು ವಾಪಸ್ ಬಂದಿದ್ದಳು.

ಅಂದಿನಿಂದ ಸಂಜೆ ಮಿಷನ್ನಿಗೆ ಮುಸುಕು ಹಾಕುವಾಗ ತನ್ನನ್ನೇ ಕೇಳಿಕೊಳ್ಳತೊಡಗಿದಳು: ಇವತ್ತು ಮನಸ್ಸು ಹೇಗಿತ್ತು? ಮೊದಮೊದಲು ಇದೇ ಹೊಸ ತಲೆನೋವಾಯಿತು. ಕಾದು ಕೂತರೆ ಉರಿ ಇನ್ನೂ ಬೇಗ ಬರುತ್ತಿತ್ತು. ಬರಬರುತ್ತಾ ಗುರುತು ಸಿಕ್ಕಿತು. ಕಿವಿ ಬಿಸಿಯಾದರೆ "ಬಂದನಪ್ಪ ನೆಂಟ" ಎಂದುಕೊಂಡು ಬಾಯಿಗೆ ಬೀಗ ಹಾಕುವಳು. ನೆಂಟ ಹೋದ ಮೇಲೂ ಉಳಿದ ಮಾತನ್ನಷ್ಟೇ ಆಡುವುದು ಎಂದು ಕಟ್ಟಳೆ ಹಾಕಿಕೊಂಡಳು.

ಇದನ್ನು ಅಕ್ಕನಿಗೆ ಹೇಳಿದ್ದೇ ಎಡವಟ್ಟಾಯಿತು. ದಾರ ಮುಗಿದಿದೆ ಎಂದರೂ "ಆ ದಿನ ಹತ್ರ ಬಂತೇನೇ?" ಎನ್ನುವಳು ಅಕ್ಕ.

ಒಂದು ದಿನ ಗಿರಾಕಿ ವಕೀಲಮ್ಮ ಹೊಸ ಕರಿ ಕೋಟು ತೊಟ್ಟು ನೋಡಿದರು. ತೋಳು ಗಿಡ್ಡ. ಅಳತೆ ತೆಗೆದವಳು ಅಕ್ಕ. ಮೊಣಕೈ ಮಡಚಿಸದೆ ಟೇಪು ಹಿಡಿದಿದ್ದಳು. ಹಾಗೆ ಅಳೆಯಬೇಡವೆಂದು ತಂಗಿ ಆಗಲೇ ಹೇಳಿದ್ದಳು.

"ಕತ್ತರಿಸಿದ್ದು ನನ್ನ ತಂಗಿ, ಮೇಡಂ. ಈ ದಿನಗಳಲ್ಲಿ ಅವಳಿಗೆ ತಲೆ ನೆಟ್ಟಗಿರಲ್ಲ. ಹೆಂಗಸರ ಕಷ್ಟ, ನಿಮಗೆ ಗೊತ್ತಲ್ಲ" ಎಂದು ಅಕ್ಕ ನಕ್ಕಳು.

ವಕೀಲಮ್ಮ ತಂಗಿಯನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. ತಂಗಿಯ ಕಿವಿ ಕಾದವು. ದುರದೃಷ್ಟಕ್ಕೆ ನೆಂಟನೂ ಬಂದು ಕೂತಿದ್ದ. ಬಾಯಿ ತೆಗೆದರೆ ಅಕ್ಕ ಹೇಳಿದ್ದೇ ಸರಿ ಎಂದಾಗುತ್ತದೆ, ಮುಚ್ಚಿದರೆ ಸುಳ್ಳೇ ನಿಲ್ಲುತ್ತದೆ. ಅತ್ತ ದರಿ, ಇತ್ತ ಪುಲಿ. ಅವಮಾನಕ್ಕೆ ಕಣ್ಣು ತುಂಬಿತು. ಕತ್ತರಿ ಕೆಳಗಿಟ್ಟು, ಕೋಟು ಇಸಿದುಕೊಂಡು ತೋಳಿನ ಹೊಲಿಗೆ ಬಿಚ್ಚತೊಡಗಿದಳು.

"ನೋಡಿ, ಮಾತೇ ಇಲ್ಲ" ಎಂದಳು ಅಕ್ಕ.

ಮುಟ್ಟು ಬಂತು, ಹೋಯಿತು. ಮಿಷನ್ನಿನ ಸದ್ದು ಬರೀ ಸದ್ದಾಯಿತು. ಸಂಜೆ ಮುಸುಕು ಹಾಕುತ್ತಾ ತಂಗಿ ತನ್ನೊಳಗೆ ತಡಕಾಡಿದಳು. ಉರಿ ಆರಿತ್ತು. ಸಿಟ್ಟು ಮಾತ್ರ ಕೂತಲ್ಲೇ ಕೂತಿತ್ತು.

ಮಾರನೆಯ ದಿನ ವಕೀಲಮ್ಮ ಹೊಸ ತೋಳು ಹಚ್ಚಿದ ಕೋಟು ಒಯ್ಯಲು ಬಂದರು. ತಂಗಿ ಅದನ್ನು ಮಡಚುತ್ತಲೇ ಹೇಳಿದಳು: "ಮೇಡಂ, ಅವತ್ತು ಕತ್ತರಿ ತಪ್ಪಿರಲಿಲ್ಲ, ಅಳತೆ ತಪ್ಪಿತ್ತು. ಅಕ್ಕ ನಿಮ್ಮ ಕೈ ಮಡಚಿಸದೇ ಟೇಪು ಹಿಡಿದಿದ್ಲು. ನನ್ನ ತಲೆ ನೆಟ್ಟಗೇ ಇತ್ತು."

ಅಕ್ಕ ನಗಲು ನೋಡಿದಳು. "ಮತ್ತೆ ಶುರುವಾಯ್ತೇನೇ ನಿಂದು?"

"ಇಲ್ಲಕ್ಕ, ಮುಗೀತು. ಮುಗೀಲಿ ಅಂತಲೇ ಕಾದೆ. ಇದು ಉಳಿದಿದ್ದು."

ಅಕ್ಕನಿಗೆ ಆ ಕಟ್ಟಳೆ ಗೊತ್ತಿತ್ತು. ನಗು ಅರ್ಧಕ್ಕೇ ನಿಂತಿತು. ವಕೀಲಮ್ಮ ಈಗ ಅಕ್ಕನನ್ನು ನೋಡುತ್ತಿದ್ದರು.

"ಅಳತೆ ನಂದೇ, ಮೇಡಂ" ಎಂದಳು ಅಕ್ಕ ಕೊನೆಗೆ. ಕೊರಳಿನ ಟೇಪು ತೆಗೆದು ತಂಗಿಯತ್ತ ಸರಿಸಿದಳು.